ಪ್ರೆಸ್ಸಿನ ಮೇಲೆ ಒಡೆದ ಕಾಯಿ

"ಚಾಚಾನ ಕಣ್ಣ ಹೋಗ್ಯಾವ. ಸೀಗಿ ಹುಣ್ಣಿವಿ ತನಕ ನೋಡ್ತೀನಿ, ಆಮ್ಯಾಲೆ ಮನಿಗೆ ಕಳಸ್ತೀನಿ."

ನಮ್ಮ ಸಾವುಕಾರರು ಈ ಮಾತನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ, ಮೆಲ್ಲಗೂ ಹೇಳಲಿಲ್ಲ. ವರ್ಕ್‌ಶಾಪಿನ ನಟ್ಟನಡುವೆ ನಿಂತು, ಗಿರಾಕಿಗಳ ಎದುರಿಗೇ ಹೇಳಿದರು. ಚಾಚಾ ಆಗ ಪ್ರೆಸ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಡೈ ಕೆಳಗೆ ತಗಡಿನ ಚೂರು ತೂರಿಸುತ್ತಿದ್ದರು. ತಿರುಗಿ ಕೂಡ ನೋಡಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ನೆಲಕ್ಕೆ ಒಗೆದೆ. ಅದು ಠಣ್ಣೆಂದದ್ದಕ್ಕೆ ಸಾವುಕಾರರು ನನ್ನ ಕಡೆ ನೋಡಿ, "ಏನವಾ, ಸಿಟ್ಟ ಬಂತೇನ?" ಅಂದರು. "ಬರದ ಏನ್ರಿ?" ಅಂದೆ. ಅವರು ನಕ್ಕು ಆಫೀಸಿನ ಒಳಗೆ ಹೋದರು. ಆ ನಗು ನೆನಪಾದರೆ ಇವತ್ತಿಗೂ ಹಲ್ಲು ಕಡಿಯುವ ಹಾಗೆ ಆಗುತ್ತದೆ.

ನರಗುಂದದ ಗುಡ್ಡದ ಕೆಳಗೆ, ರೋಣಕ್ಕೆ ಹೋಗುವ ರಸ್ತೆಗೆ ನಮ್ಮ ವರ್ಕ್‌ಶಾಪು. ಟ್ರ್ಯಾಕ್ಟರ್ ಕೂರಿಗೆಗೆ ಹಾಕುವ ಬೀಜದ ಬಿಲ್ಲೆ ಮಾಡುತ್ತೇವೆ. ಬಿಲ್ಲೆ ಅಂದರೆ ಅಂಗೈಗಿಂತ ತುಸು ದೊಡ್ಡದಾದ ತಗಡಿನ ಚಕ್ರ, ಅದರ ಅಂಚಿಗೆ ಸುತ್ತಲೂ ಕಚ್ಚು. ಚಕ್ರ ತಿರುಗಿದ ಹಾಗೆ ಕಚ್ಚಿಗೊಂದು ಕಾಳು ಸಿಕ್ಕು ಸಾಲಿಗೆ ಬೀಳುತ್ತದೆ. ಕಡಲೆಗೆ ದೊಡ್ಡ ಕಚ್ಚು, ಜೋಳಕ್ಕೆ ಸಣ್ಣದು, ಕುಸುಬೆಗೆ ಇನ್ನೊಂದು ಥರ. ಒಂದೊಂದಕ್ಕೂ ಬೇರೆ ಬೇರೆ ಡೈ, ಅಂದರೆ ತಗಡು ಕತ್ತರಿಸುವ ಉಕ್ಕಿನ ಅಚ್ಚು. ಅದರ ಮೇಲಿನ ಭಾಗ ಪ್ರೆಸ್ಸಿನ ತಲೆಗೆ ಕೂರುತ್ತದೆ, ಕೆಳಗಿನ ಭಾಗ ಪ್ರೆಸ್ಸಿನ ಮಡಿಲಲ್ಲಿರುವ ದಪ್ಪ ಬೆಡ್ ಪ್ಲೇಟಿನ ಮೇಲೆ ಕೂರುತ್ತದೆ. ಡೈಗಳು ಹಲವು, ಪ್ರೆಸ್ಸು ಒಂದೇ. ಒಂದು ಡೈ ಇಳಿಸಿ ಇನ್ನೊಂದು ಏರಿಸುವುದು ಚಾಚಾ ಮತ್ತು ನನ್ನ ಕೆಲಸ.

ಹಿಂಗಾರಿ ಮಳೆ ಬಿದ್ದು ಎರೆ ಹೊಲಕ್ಕೆ ಹದ ಬಂತೆಂದರೆ ನಮ್ಮ ಬಾಗಿಲಿಗೆ ಜಾತ್ರೆ ಕೂಡುತ್ತದೆ. ಜಕ್ಕಲಿಯವರು ಕಡಲೆ ಬಿಲ್ಲೆ ಕೊಡಿ ಅನ್ನುತ್ತಾರೆ, ಅದೇ ಹೊತ್ತಿಗೆ ಅಬ್ಬಿಗೇರಿಯವರು ಜೋಳದ ಬಿಲ್ಲೆ ಅನ್ನುತ್ತಾರೆ. ಹಸಿ ಆರುವುದರೊಳಗೆ ಬಿತ್ತಬೇಕು, ಅವರಿಗೆ ನಾಳೆ ಎಂಬುದು ಇಲ್ಲ. ನಮ್ಮಲ್ಲಿ ಒಂದು ಡೈ ಬದಲಿಸುವುದರೊಳಗೆ ಮುಂಜಾನೆ ಕಳೆದು ಊಟದ ಹೊತ್ತಾಗುತ್ತಿತ್ತು. ಕಾದು ಕಾದು ಬೇಸತ್ತ ರೈತರು ಗದಗಿಗೋ ಹುಬ್ಬಳ್ಳಿಗೋ ಗಾಡಿ ತಿರುಗಿಸುತ್ತಿದ್ದರು. ಸಾವುಕಾರರ ಹೊಟ್ಟೆಯುರಿ ಅದಕ್ಕೇ. ಆ ಉರಿಯನ್ನೆಲ್ಲ ತಂದು ಹಾಕುತ್ತಿದ್ದದ್ದು ಚಾಚಾನ ತಲೆ ಮೇಲೆ.

ಚಾಚಾ ರೋಣದವರು. ದಿನಾ ನಸುಕಿನ ನಮಾಜು ಮುಗಿಸಿ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾರೆ. ಈ ಪ್ರೆಸ್ಸು ಲಾರಿಯಿಂದ ಇಳಿದ ದಿನ ಅದಕ್ಕೆ ಹಗ್ಗ ಹಿಡಿದವರಲ್ಲಿ ಅವರೂ ಒಬ್ಬರು. ನಾನು ಗಜೇಂದ್ರಗಡದ ನೇಕಾರರ ಮಗಳು, ಐಟಿಐನಲ್ಲಿ ಫಿಟ್ಟರ್ ಕಲಿತವಳು. ಮೊದಲ ದಿನ ಕೆಲಸಕ್ಕೆ ಬಂದಾಗ ಸಾವುಕಾರರು, "ಹೆಣ್ಮಗಳಿಗೆ ಆಫೀಸಿನ್ಯಾಗ ಕೂಡ್ಸೂಣು" ಅಂದಿದ್ದರು. ಚಾಚಾ ಅಡ್ಡಬಾಯಿ ಹಾಕಿ, "ಫಿಟ್ಟರ್ ಕಲ್ತಾಳ್ರಿ, ನನ್ನ ಕಡೆ ಬಿಡ್ರಿ" ಅಂದಿದ್ದರು. ಆ ಒಂದು ಮಾತಿಗೆ ನಾನು ಇವತ್ತು ಪಾನಾ ಹಿಡಿದು ಉಣ್ಣುತ್ತಿದ್ದೇನೆ. ಅಂಥವರನ್ನು ಹುಣ್ಣಿಮೆಗೆ ಮನೆಗೆ ಕಳಿಸುತ್ತಾರಂತೆ!

ಡೈ ಕೂಡಿಸುವುದು ಹೇಗೆಂದು ಹೇಳುತ್ತೇನೆ, ಆಗ ನನ್ನ ಸಿಟ್ಟು ನಿಮಗೂ ಅರ್ಥವಾದೀತು. ಚೈನ್ ಪುಲ್ಲಿಗೆ ಡೈ ತೂಗುಹಾಕಿ ಬೆಡ್ ಪ್ಲೇಟಿನ ಮೇಲೆ ಇಳಿಸಬೇಕು. ಮೇಲಿನ ಅಚ್ಚು ಕೆಳಗಿನ ಅಚ್ಚಿನ ಬಾಯಿಗೆ ಸುತ್ತಲೂ ಸಮನಾಗಿ ಇಳಿಯುವ ಹಾಗೆ ಸರಿಸಬೇಕು. ಬೋಲ್ಟು ಬಿಗಿದು, ಫ್ಲೈವೀಲನ್ನು ಕೈಯಿಂದ ತಿರುಗಿಸಿ, ಒಂದು ಬಿಲ್ಲೆ ಕತ್ತರಿಸಿ ನೋಡಬೇಕು. ಡೈ ಎಳ್ಳಷ್ಟು ವಾಲಿದ್ದರೂ ಬಿಲ್ಲೆಯ ಒಂದು ಮಗ್ಗುಲಿಗೆ ಚೂಪಾದ ಅಂಚು ಏಳುತ್ತದೆ. ನಮ್ಮಲ್ಲಿ ಅದು ಯಾವಾಗಲೂ ಏಳುತ್ತಿತ್ತು. ಆಗ ಬೋಲ್ಟು ಸಡಿಲಿಸಿ, ವಾಲಿದ ಮೂಲೆಗೆ ತಗಡಿನ ಚೂರು ತೂರಿಸಿ, ಮತ್ತೆ ಬಿಗಿದು, ಮತ್ತೆ ಕತ್ತರಿಸಿ ನೋಡುವುದು. ಮತ್ತೆ ಸಡಿಲಿಸುವುದು. ಚಾಚಾನ ಹತ್ತಿರ ಅಂಥ ಚೂರುಗಳ ಒಂದು ಡಬ್ಬಿಯೇ ಇತ್ತು. ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಡಿದು, ಉಜ್ಜಿ ಮಾಡಿಕೊಂಡವು.

ಸಾವುಕಾರರು ಆ ಮಾತಾಡಿದ ದಿನ ಅಮಾವಾಸ್ಯೆಯ ಮರುದಿನ. ದಸರೆಯ ಮುಂಚಿನ ಅಮಾವಾಸ್ಯೆ; ಸೀಗಿ ಹುಣ್ಣಿಮೆ ಬರುವುದು ದಸರೆ ಮುಗಿದ ಮೇಲೆ. ಚಾಚಾ ಮುಂಜಾನೆಯಿಂದ ಹೊಸ ಚೂರು ಕತ್ತರಿಸುತ್ತ ಕೂತಿದ್ದರು. ಅಷ್ಟರಲ್ಲಿ ಅಬ್ಬಿಗೇರಿಯ ರೈತನೊಬ್ಬ ಬಂದು ನಮ್ಮದೇ ಬಿಲ್ಲೆಯನ್ನು ನಮ್ಮ ಕಾಲ ಬುಡಕ್ಕೆ ಒಗೆದ.

"ಏನ್ ಕೊಟ್ಟೀರಿ ಇದನ್ನ? ಕಡ್ಲಿ ಬಿತ್ತಾಕ ಹೋದ್ರ ಹೊಲದಾಗ ಬ್ಯಾಳಿ ಬೀಳಾಕತ್ತೈತಿ! ಸಾರ್ ಮಾಡ್ಲ್ಯಾ ಹೊಲದಾಗ?"

ಬಿಲ್ಲೆಯ ಚೂಪು ಅಂಚಿಗೆ ಸಿಕ್ಕು ಕಡಲೆ ಒಡೆದು ಬೇಳೆಯಾಗುತ್ತಿತ್ತು. ನಗು ಬರುವ ಮಾತೇ, ಆದರೆ ಆ ಮನುಷ್ಯನ ಮುಖದಲ್ಲಿ ನಗು ಇರಲಿಲ್ಲ. ಒಡೆದ ಕಾಳು ಮೊಳೆಯುವುದಿಲ್ಲ. ಸಾವುಕಾರರು ಆಫೀಸಿನಿಂದ ಹೊರಗೆ ಬಂದು, ಬಿಲ್ಲೆ ಎತ್ತಿ ನೋಡಿ, ನಾನು ಮೊದಲು ಬರೆದ ಆ ಮಾತು ಆಡಿದ್ದು ಆಗಲೇ.

ನಾನು ಅವರ ಹಿಂದೆಯೇ ಆಫೀಸಿಗೆ ಹೋದೆ.

"ಸಾವ್ಕಾರ್ರ, ಚಾಚಾನ ಕಣ್ಣ ಚಲೋ ಅದಾವ. ಡೈ ಕುಂದ್ರವಲ್ಲದು, ಅದರ ಕಾರಣ ಬ್ಯಾರೆ ಏನೋ ಐತಿ."

"ಏನೈತಿ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ ಮ್ಯಾಲೆ ಸುಮ್ನ ಹೋಗು."

"ನಮಗ ಖಂಡೇಪೂಜಿ ತನಕ ಟೈಮ್ ಕೊಡ್ರಿ. ಚಾ ಆರೂದ್ರೊಳಗ ಡೈ ಬದಲಿ ಮಾಡಿ ತೋರಸ್ತೀವಿ."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ. ಖಂಡೇಪೂಜೆ ಅಂದರೆ ಆಯುಧಪೂಜೆ, ಅದಕ್ಕೆ ವಾರವಷ್ಟೇ ಉಳಿದಿತ್ತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಆತು, ತೋರಸ್ರಿ. ಆಗಲಿಲ್ಲಂದ್ರ ಹುಣ್ಣಿವಿ ಮಾತು ಅದ ಮಾತು" ಅಂದರು. ಹೊರಗೆ ಬಂದ ಮೇಲೆ ಆಡಿದ ಮಾತಿನ ಅಳತೆ ತಿಳಿಯಿತು. ಚಾ ಆರುವುದರೊಳಗೆ! ಯಪ್ಪಾ, ಆ ಹೊತ್ತಿನಲ್ಲಿ ನಮಗೆ ಸರಿಯಾದ ಪಾನಾ ಕೂಡ ಸಿಗುತ್ತಿರಲಿಲ್ಲ.

ಅದನ್ನೇ ಮೊದಲು ಹಿಡಿದೆ. ಪಾನಾ ಹುಡುಕುವುದರಲ್ಲೇ ನಮ್ಮ ಅರ್ಧ ಮುಂಜಾನೆ ಹೋಗುತ್ತಿತ್ತು. ಒಂದು ಬೋಲ್ಟಿನ ತಲೆ ಒಂದು ಅಳತೆ, ಇನ್ನೊಂದರದು ಇನ್ನೊಂದು ಅಳತೆ. ಪಾನಾಗಳೆಲ್ಲ ಸಾವುಕಾರರ ಕಪಾಟಿನಲ್ಲಿ, ಕೀಲಿ ಅವರ ಉಡುದಾರದಲ್ಲಿ. ಹಿಂದೆ ಯಾವಾಗಲೋ ಒಂದು ಪಾನಾ ಕಳುವಾಗಿತ್ತಂತೆ, ಅಂದಿನಿಂದ ಕೀಲಿ. ಅವರು ಊಟಕ್ಕೆ ಹೋದರೆ ನಾವು ಪ್ರೆಸ್ಸಿನ ಮುಂದೆ ಕೈ ಕಟ್ಟಿ ಕೂರುವುದು. ಜಗಳ ಮಾಡಿ ಒಂದು ಪಾನಾ ಹೊರಗೆ ತಗೊಂಡೆ. ಎಲ್ಲ ಬೋಲ್ಟುಗಳನ್ನೂ ಅದೊಂದೇ ಪಾನಾಕ್ಕೆ ಒಪ್ಪುವ ಹಾಗೆ ಬದಲಿಸಿದೆ. ಪ್ರೆಸ್ಸಿನ ಮೈಗೇ ಕೊಂಡಿ ಹಾಕಿ ಪಾನಾವನ್ನು ಅಲ್ಲೇ ತೂಗುಹಾಕಿದೆ. ಮುಂದಿನ ಡೈಯನ್ನು ಮಷೀನು ಓಡುತ್ತಿರುವಾಗಲೇ ಒರೆಸಿ, ಎಣ್ಣೆ ಹಚ್ಚಿ, ಚೈನ್ ಪುಲ್ಲಿಯ ಕೆಳಗೆ ತಂದಿಟ್ಟುಕೊಳ್ಳತೊಡಗಿದೆವು. ಮೊದಲು ಮಷೀನು ನಿಲ್ಲಿಸಿ, ಆಮೇಲೆ ಡೈ ತರಲು ಹೋಗುತ್ತಿದ್ದೆವು. ಎಷ್ಟು ವರ್ಷ ಹಾಗೆ ಮಾಡಿದೆವೋ!

ಹೊತ್ತು ಉಳಿಯಿತು, ನಿಜ. ಆದರೆ ಕೊನೆಯ ಆ ತಗಡಿನ ಚೂರಿನ ಆಟ ಹಾಗೇ ಇತ್ತು. ಉಳಿಸಿದ ಹೊತ್ತನ್ನೆಲ್ಲ ಅದೇ ನುಂಗುತ್ತಿತ್ತು.

ಡೈಯ ತಳವೇ ಸವೆದು ಸೊಟ್ಟಗಾಗಿದೆ ಅಂದುಕೊಂಡೆ. ಕಡಲೆ ಡೈಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತುಕೊಂಡು ಹುಬ್ಬಳ್ಳಿಗೆ ಒಯ್ದೆ. ಕಂಡಕ್ಟರು, "ಏನಕ್ಕಾ ಇದು, ಹೆಣದ ಭಾರ ಐತಲ್ಲ" ಅಂದ. ಅಲ್ಲಿ ಗ್ರೈಂಡಿಂಗ್ ಮಾಡುವವರ ಹತ್ತಿರ ತಳ ಉಜ್ಜಿಸಿ, ಗಾಜಿನ ಮೇಲೆ ಇಟ್ಟು ನೋಡಿ, ತೃಪ್ತಿಯಿಂದ ತಂದೆ. ಪ್ರೆಸ್ಸಿಗೆ ಏರಿಸಿದೆವು. ಬಿಲ್ಲೆ ಕತ್ತರಿಸಿದೆವು. ಅದೇ ಚೂಪು ಅಂಚು, ಅದೇ ಮಗ್ಗುಲಿಗೆ.

ಸಾವುಕಾರರು ಹಿಂದೆ ನಿಂತಿದ್ದರು. "ಹುಬ್ಬಳ್ಳಿಗೆ ಡೈ ಒಯ್ಯೂದ್ರ ಬದ್ಲಿ ಚಾಚಾನ್ನ ಕಣ್ಣಿನ ದವಾಖಾನಿಗೆ ಒಯ್ದಿದ್ರ ಚಲೋ ಆಗ್ತಿತ್ತು" ಅಂದರು. ಮತ್ತೆ ಅದೇ ನಗು. ಚಾಚಾ ಸುಮ್ಮನೆ ಡಬ್ಬಿ ತೆಗೆದು ಚೂರು ಹುಡುಕತೊಡಗಿದರು. ಅವರ ಆ ಸುಮ್ಮನಿರುವಿಕೆಯ ಮೇಲೂ ನನಗೆ ಸಿಟ್ಟು ಬರಲು ಶುರುವಾಗಿತ್ತು. ಏನಾದರೂ ಒಂದು ಮಾತು ಆಡಬಾರದೆ ಈ ಮನುಷ್ಯ!

ಅದೇ ಸಂಜೆ ಊರಿಗೆ ಹೋಗಿದ್ದೆ. ನವರಾತ್ರಿ ನಡೆದಿತ್ತು, ನಮ್ಮವ್ವ ಮಗ್ಗದ ಮುಂದೆ ಕೂತಿದ್ದಳು. ಒಂದು ಹಾಸು ಮುಗಿದು ಹೊಸ ಹಾಸು ಹೂಡುವ ಕೆಲಸ. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು. ಸೀರೆ ಮುಗಿದಾಗ ಹಳೆಯ ಎಳೆಗಳನ್ನು ನಮ್ಮವ್ವ ಎಂದೂ ಪೂರ್ತಿ ಕಿತ್ತು ತೆಗೆಯುವುದಿಲ್ಲ. ಫಣಿಯ, ಅಂದರೆ ಮಗ್ಗದ ಬಾಚಣಿಗೆಯ ಹಲ್ಲುಗಳಲ್ಲಿ ಮೋಟು ಎಳೆಗಳನ್ನು ಹಾಗೇ ಬಿಟ್ಟು, ಅವಕ್ಕೆ ಹೊಸ ಎಳೆ ಬೆರಳಲ್ಲಿ ಹೊಸೆದು ಕೂಡಿಸಿ, ಮುಂದಕ್ಕೆ ಎಳೆದುಬಿಡುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ಸಂಜೆ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ.

"ಯವ್ವಾ, ಎಲ್ಲಾ ಬಿಚ್ಚಿ ಹೊಸದಾಗಿ ಪೋಣಿಸಿದ್ರ ಏನಾಗ್ತೈತಿ?"

"ನಿನಗೇನ್ ಹುಚ್ಚ ಹಿಡದೈತೇನ? ಕುಂತಿದ್ದನ್ನ ಯಾಕ ಎಬ್ಬಸ್ಬೇಕು?"

ನಾವು ಪ್ರೆಸ್ಸಿನಲ್ಲಿ ಮಾಡುತ್ತಿದ್ದದ್ದು ಅದೇ ಹುಚ್ಚು. ಪ್ರತಿ ಸಲ ಎಲ್ಲ ಕಿತ್ತು, ಪ್ರತಿ ಸಲ ಹೊಸದಾಗಿ ಅಳೆದು ಕೂಡಿಸುವುದು. ಬೆಡ್ ಪ್ಲೇಟಿನ ಮೇಲೆ ಇನ್ನೊಂದು ಪ್ಲೇಟನ್ನು ಕಾಯಮ್ಮಾಗಿ ಬಿಗಿದು, ಅದಕ್ಕೆ ಎರಡು ಪಿನ್ನು ನಿಲ್ಲಿಸಿ, ಎಲ್ಲ ಡೈಗಳ ತಳಕ್ಕೂ ಅದೇ ಅಳತೆಯಲ್ಲಿ ಎರಡು ತೂತು ಕೊರೆದರೆ? ಡೈ ಇಳಿಸಿದ ಕೂಡಲೇ ಪಿನ್ನಿಗೆ ಕೂರಬೇಕು, ಸರಿಸುವ ಮಾತೇ ಇರಬಾರದು. ಊಟ ಕೂಡ ಸರಿಯಾಗಿ ಸೇರಲಿಲ್ಲ. ಮುಂಜಾನೆಯ ಮೊದಲ ಬಸ್ಸಿಗೆ ನರಗುಂದಕ್ಕೆ ಬಂದುಬಿಟ್ಟೆ.

ಸ್ಕ್ರ್ಯಾಪಿನಲ್ಲಿದ್ದ ದಪ್ಪ ಉಕ್ಕಿನ ತುಂಡು ಆರಿಸಿ, ಎರಡೂ ಮೈ ಗ್ರೈಂಡಿಂಗ್ ಮಾಡಿಸಿ, ಪಿನ್ನು ಹೊಡೆದೆವು. ಡೈಗಳ ತಳಕ್ಕೆ ತೂತು ಕೊರೆದವರು ಚಾಚಾ. ಕಣ್ಣು ಕಾಣದವರು ಕೊರೆದ ತೂತುಗಳಲ್ಲಿ ಪಿನ್ನು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. "ನೋಡ್ರಿ ಚಾಚಾ!" ಅಂತ ನಾನು ಕುಣಿದೆ. ಅವರು ನಕ್ಕರು, ಆದರೆ ಆ ನಗು ಅರ್ಧಕ್ಕೇ ನಿಂತಿತು.

ಯಾಕೆಂದು ಒಂದು ಗಳಿಗೆಯಲ್ಲಿ ತಿಳಿಯಿತು. ಆ ಹೊಸ ಪ್ಲೇಟನ್ನು ಬೆಡ್ ಪ್ಲೇಟಿನ ಮೇಲೆ ಇಟ್ಟು ಮೂಲೆ ಒತ್ತಿದೆ. ಟಕ್. ಎದುರಿನ ಮೂಲೆ ಒತ್ತಿದೆ. ಟಕ್. ಮೋಟು ಕಾಲಿನ ಸ್ಟೂಲಿನ ಹಾಗೆ ಅಲ್ಲಾಡುತ್ತಿತ್ತು. ಗ್ರೈಂಡಿಂಗ್ ಮಾಡಿಸಿ ತಂದ ಪ್ಲೇಟು ಅದು, ಸೊಟ್ಟ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಸೊಟ್ಟ ಇರುವುದು ಅದರ ಕೆಳಗಿನದು.

ಬೆಡ್ ಪ್ಲೇಟನ್ನು ನಾನು ಅಲ್ಲಿಯ ತನಕ ಸರಿಯಾಗಿ ನೋಡಿಯೇ ಇರಲಿಲ್ಲ. ನೋಡಲು ಅದು ಕಾಣುತ್ತಲೂ ಇರಲಿಲ್ಲ. ಅರಿಷಿಣ, ಕುಂಕುಮ, ಎಣ್ಣೆ, ಕಾಯಿನೀರು ಎಲ್ಲ ಸೇರಿ ಕಪ್ಪಗೆ ಗಟ್ಟಿಯಾಗಿ, ಮಸಿ ಹಿಡಿದ ಹಂಚಿನ ಹಾಗೆ ಆಗಿತ್ತು. ಸೀಮೆಎಣ್ಣೆ ಸುರಿದು, ಗೋಣಿಯಿಂದ ತಿಕ್ಕಿದೆ. ಕಪ್ಪು ಹೋಗಿ ಉಕ್ಕು ಕಂಡಿತು. ಉಕ್ಕಿನ ತುಂಬ ಗುಳಿ. ಅರ್ಧಚಂದ್ರದ ಆಕಾರದ ಗುಳಿಗಳು, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಎಲ್ಲ ಮುಂದಿನ ಬಲಮೂಲೆಯಲ್ಲೇ. ಒಂದೊಂದು ಗುಳಿಯ ಸುತ್ತಲೂ ಉಕ್ಕು ಉಬ್ಬಿ ಎದ್ದಿತ್ತು. ಬೆರಳಾಡಿಸಿದರೆ ಚರ್ಮ ಕಿತ್ತುಬರುವಷ್ಟು. ಡೈ ಯಾವತ್ತೂ ಆ ಉಬ್ಬುಗಳ ಮೇಲೆ ಕೂರುತ್ತಿತ್ತು, ಪ್ಲೇಟಿನ ಮೇಲಲ್ಲ.

ನೋಡಿದ ಕೂಡಲೇ ಗೊತ್ತಾಯಿತು. ಸುತ್ತಿಗೆಯ ಪೆಟ್ಟು. ಅಯ್ಯೋ ಶಿವನೇ, ಸಾವುಕಾರರ ಸುತ್ತಿಗೆ!

ನಮ್ಮ ವರ್ಕ್‌ಶಾಪಿನಲ್ಲಿ ಅಮಾವಾಸ್ಯೆಗೊಮ್ಮೆ ಪ್ರೆಸ್ಸಿನ ಪೂಜೆ. ಡೈ ಇಳಿಸಿ, ಮಷೀನಿಗೆ ನೀರು ಚಿಮುಕಿಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುವುದು. ಬೇರೆ ಕಡೆ ಕಾಯಿಯನ್ನು ಕಲ್ಲಿನ ಮೇಲೆ ಒಡೆಯುತ್ತಾರೆ. ನಮ್ಮಲ್ಲಿ ಹಾಗಲ್ಲ. ಮಷೀನಿನ ಮಡಿಲಲ್ಲೇ ಒಡೆಯಬೇಕು, ನೀರು ಮಷೀನಿನ ಮೇಲೇ ಬೀಳಬೇಕು ಎಂದು ಸಾವುಕಾರರ ತಂದೆ ಮಾಡಿಟ್ಟ ಪದ್ಧತಿ. ಅದೂ ಒಂದೇ ಪೆಟ್ಟಿಗೆ ಇಬ್ಭಾಗವಾಗಬೇಕು, ಎರಡನೇ ಪೆಟ್ಟು ಬಿದ್ದರೆ ಅಪಶಕುನ. ಅದಕ್ಕೇ ಸಾವುಕಾರರು ದೊಡ್ಡ ಸುತ್ತಿಗೆ ಎತ್ತಿ ಜೀವ ಬಿಟ್ಟು ಹೊಡೆಯುತ್ತಿದ್ದರು. ಕಾಯಿ ಹೋಳಾಗಿ, ಸುತ್ತಿಗೆ ಹೋಗಿ ಪ್ಲೇಟಿಗೆ ಬೀಳುತ್ತಿತ್ತು. ನಾವೆಲ್ಲ ಕೈ ಮುಗಿಯುತ್ತಿದ್ದೆವು. ಕಾಯಿ ಉರುಳದ ಹಾಗೆ ಎರಡೂ ಕಡೆ ಬೆರಳಿಟ್ಟು ಹಿಡಿದುಕೊಳ್ಳುತ್ತಿದ್ದವರು ಚಾಚಾ.

ನಾನು ಚಾಚಾನ ಕಡೆ ತಿರುಗಿದೆ. ಅವರು ಕೈಯಲ್ಲಿದ್ದ ಅರಿವೆಯನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದರು.

"ನಿಮಗ ಗೊತ್ತಿತ್ತು," ಅಂದೆ.

ಅವರು ಅರಿವೆಯನ್ನು ಇನ್ನೊಮ್ಮೆ ಮಡಚಿದರು.

"ಅಮಾಸಿ ಮರುದಿನಾ ಹೊಸಾ ಚೂರು ಯಾಕ ಕತ್ತರಸ್ತಿದ್ರಿ? ಹೊಸಾ ಗುಳಿಗೆ ಹೊಸಾ ಚೂರು, ಹೌದಿಲ್ಲೋ? ಇಷ್ಟ ವರ್ಷ ಅವರ ಸುತ್ತಿಗಿ ಪೆಟ್ಟ ಮುಚ್ಚಾಕ ನೀವು ತಗಡ ತುರುಕೀರಿ, ಅವರು ನಿಮ್ಮನ್ನ ಕುರುಡ ಅಂದ್ರು. ಬಾಯಿ ಇಲ್ಲೇನ್ರಿ ನಿಮಗ?"

ಹಾಗೆ ನಾನು ಅವರ ಮೇಲೆ ಎಂದೂ ಕೂಗಿರಲಿಲ್ಲ. ಚಾಚಾ ಅರಿವೆಯನ್ನು ಹೆಗಲಿಗೆ ಹಾಕಿಕೊಂಡರು.

"ಏನಂತ ಹೇಳ್ಲಿ ಬೇಟಿ? ದೇವರ ಕಾಯಿ ಇಲ್ಲಿ ಒಡೀಬ್ಯಾಡ್ರಿ ಅಂತ ನಾ ಹೇಳ್ಬೇಕಾ? ನೀ ಹೇಳಿದ್ರ ಅದು ಮಷೀನಿನ ಮಾತು. ನಾ ಹೇಳಿದ್ರ ಅದು ಬ್ಯಾರೆ ಮಾತಾಗ್ತೈತಿ."

ಅರ ತಗೊಂಡು ಅವರ ಮುಂದೆ ಹಿಡಿದೆ. "ಹಂಗಾದ್ರ ಉಜ್ಜರಿ. ಇಬ್ಬರೂ ಕೂಡಿ ಉಜ್ಜೂಣು."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನೀ ಉಜ್ಜಿದ್ರ ಪ್ಲೇಟ್ ತಿಕ್ಕಿದಂಗ. ನಾ ಉಜ್ಜಿದ್ರ ಕುಂಕುಮ ಅಳಿಸಿದಂಗ. ನೀನ ಮಾಡವ್ವಾ. ನಾ ಬಾಗಲಾ ನೋಡ್ತೀನಿ."

ಅಷ್ಟು ಹೇಳಿ ನಿಜವಾಗಿಯೂ ಬಾಗಿಲಿಗೆ ಹೋಗಿ ನಿಂತರು. ಕಳ್ಳತನಕ್ಕೆ ಕಾವಲು ನಿಂತವರ ಹಾಗೆ. ಪ್ರೆಸ್ಸನ್ನು ಲಾರಿಯಿಂದ ಇಳಿಸಿದ ಮನುಷ್ಯ, ಆ ಪ್ರೆಸ್ಸಿಗೆ ಅರ ಮುಟ್ಟಿಸಲು ಹೆದರಿ ಬಾಗಿಲಲ್ಲಿ ನಿಂತಿದ್ದರು! ನನಗೆ ಅಳು ಬಂತು. ಆಮೇಲೆ ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ಸಾವುಕಾರರ ಮೇಲೆ, ಚಾಚಾನ ಮೇಲೆ, ಇಷ್ಟು ವರ್ಷ ಕೈ ಮುಗಿದು ನಿಂತ ನಮ್ಮೆಲ್ಲರ ಮೇಲೆ. ಸಾವುಕಾರರನ್ನು ಕೇಳಿ ಮಾಡಬೇಕೋ, ಕೇಳದೇ ಮಾಡಬೇಕೋ ಎಂದು ಒಂದು ಗಳಿಗೆ ಯೋಚಿಸಿದೆ. ಕೇಳಿದರೆ ಬೇಡ ಅನ್ನುತ್ತಾರೆ. ಪ್ಲೇಟಿಗೆ ಕೈ ಮುಗಿದೆ, ಅರ ಇಟ್ಟೆ, ಉಜ್ಜತೊಡಗಿದೆ.

ಗುಳಿ ತುಂಬಲು ಬರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಉಬ್ಬಿದ ಉಕ್ಕನ್ನು ಮಾತ್ರ ಕೆಳಗಿಳಿಸಬೇಕು. ಸುಣ್ಣದ ಕಡ್ಡಿ ಹಚ್ಚಿ, ಹೊಸ ಪ್ಲೇಟು ಇಟ್ಟು ಎಳೆದರೆ ಎಲ್ಲಿ ಸುಣ್ಣ ಅಳಿಸುತ್ತದೋ ಅಲ್ಲಿ ಎತ್ತರವಿದೆ ಎಂದರ್ಥ. ಅಲ್ಲಿ ಅರ, ಆಮೇಲೆ ಎಣ್ಣೆಗಲ್ಲು. ಮತ್ತೆ ಸುಣ್ಣ. ತೋಳು ಸೋತು ಹೋಯಿತು. ಕೊನೆಗೆ ಪ್ಲೇಟು ಇಟ್ಟು ನಾಲ್ಕೂ ಮೂಲೆ ಒತ್ತಿದೆ, ಟಕ್ ಅನ್ನಲಿಲ್ಲ. "ಚಾಚಾ, ಬರ್ರಿ" ಅಂತ ಕೂಗಿದೆ. ಅವರು ಬಂದು ಒಂದು ಬೆರಳಿನಿಂದ ಮೂಲೆ ಒತ್ತಿ ನೋಡಿದರು. ಇನ್ನೊಂದು ಮೂಲೆ ಒತ್ತಿದರು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟರು.

ಮರುದಿನ ಸಾವುಕಾರರನ್ನು ಕರೆದೆ. ಚಾ ತರಿಸಿ ಸ್ಟೂಲಿನ ಮೇಲೆ ಇಟ್ಟೆ. "ಕುಡೀಬ್ಯಾಡ್ರಿ, ಹಂಗ ಇರ್ಲಿ" ಅಂದೆ. ಜೋಳದ ಡೈ ಇಳಿಯಿತು, ಕಡಲೆ ಡೈ ಪಿನ್ನಿಗೆ ಕೂತಿತು, ಅದೇ ಒಂದು ಪಾನಾದಿಂದ ಬೋಲ್ಟು ಬಿಗಿದೆವು. ತಗಡಿನ ಡಬ್ಬಿಯನ್ನು ಚಾಚಾ ಮುಟ್ಟಲಿಲ್ಲ. ಮೊದಲ ಬಿಲ್ಲೆಯೇ ಸುತ್ತಲೂ ನುಣ್ಣಗೆ ಬಂತು. ಸಾವುಕಾರರು ಚಾ ಗ್ಲಾಸು ಎತ್ತಿದರು. ಇನ್ನೂ ಬಿಸಿಯಿತ್ತು.

"ಭೇಷ್!" ಅಂದರು. ಬಿಲ್ಲೆಯ ಅಂಚಿಗೆ ಬೆರಳಾಡಿಸಿ ಇನ್ನೊಮ್ಮೆ "ಭೇಷ್" ಅಂದರು. ಆಮೇಲೆ ಅದೇ ಉಸಿರಿನಲ್ಲಿ, ಚಾ ಗುಟುಕರಿಸುತ್ತ, "ಇಷ್ಟ ಹಗುರ ಆತಂದ್ರ ಇದಕ್ಕ ಇಬ್ಬರು ಯಾಕ? ಪಿನ್ನಿಗೆ ಕೂಡ್ಸೂದು ಯಾರರ ಮಾಡ್ತಾರ. ಚಾಚಾಗ ಆರಾಮ ಇರ್ಲಿ ಬಿಡು" ಅಂದರು.

ಈ ಮನುಷ್ಯ ಕೆಟ್ಟವರಲ್ಲ. ಚಾಚಾನ ಮಗಳ ಮದುವೆಗೆ ತಮ್ಮ ಟ್ರ್ಯಾಕ್ಟರು ಕಳಿಸಿದವರು, ನನಗೆ ಜ್ವರ ಬಂದಾಗ ಮನೆಯಿಂದ ಗಂಜಿ ಕಳಿಸಿದವರು. ಅಂಥವರ ಬಾಯಲ್ಲಿ ಈ ಮಾತು! ಅವರ ಹಿಂದೆ ಆಫೀಸಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಗುಳಿಗಳ ಸಂಗತಿ ಎಲ್ಲ ಹೇಳಿದೆ. ಅಮಾಸೆ, ಸುತ್ತಿಗೆ, ಉಬ್ಬು, ತಗಡಿನ ಚೂರು, ಬೇಳೆಯಾದ ಕಡಲೆ, ಒಂದೂ ಬಿಡಲಿಲ್ಲ. ಅವರ ಮುಖ ಕೆಂಪಾಯಿತು.

"ದೇವರ ಕಾಯಿಂದ ಮಷೀನ್ ಕೆಡ್ತೈತೇನ?"

"ಕಾಯಿಂದಲ್ರಿ, ಸುತ್ತಿಗಿಂದ."

"ಇದನ್ನ ನಿನಗ ಯಾರ ಹೇಳಿಕೊಟ್ರು? ಚಾಚಾ ಅಂದ್ನೇನ?"

ಅದೇ. ಚಾಚಾ ಇಷ್ಟು ವರ್ಷ ಯಾವ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೋ, ಅದೇ ಮಾತು ಮೊದಲಿಗೇ ಬಂತು.

"ಚಾಚಾ ಒಂದ ಮಾತ ಆಡಿಲ್ರಿ. ಆಡಿದ್ರ ನೀವು ಹಿಂಗ ಕೇಳ್ತೀರಿ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಪೆಟ್ಟ ಮುಚ್ಚಿದವರನ್ನ ನೀವು ಕುರುಡ ಅಂತ ಕಳಸ್ತೀರಿ. ಕಳಸ್ರಿ. ನಾನೂ ಅವರ ಹಿಂದ ಬಸ್ ಹತ್ತತೀನಿ. ಆಮ್ಯಾಲೆ ಯಾರರ ಕೂಡ್ಸಲಿ ನಿಮ್ಮ ಡೈ."

ಬಾಗಿಲು ಅಪ್ಪಳಿಸಿ ಹೊರಗೆ ಬಂದೆ. ಹೌದು ಎಂದೂ ಅಲ್ಲ ಎಂದೂ ಅವರು ಹೇಳಿರಲಿಲ್ಲ. ಖಂಡೇಪೂಜೆಯ ದಿನದ ತನಕ ನನ್ನ ಜೊತೆ ಮಾತೂ ಆಡಲಿಲ್ಲ.

ಖಂಡೇಪೂಜೆಯ ದಿನ ವರ್ಕ್‌ಶಾಪು ತುಂಬಿತ್ತು. ಸಾವುಕಾರರ ಮನೆಯವರು, ಪಕ್ಕದ ಗ್ಯಾರೇಜಿನವರು, ಬಿಲ್ಲೆ ಒಯ್ಯಲು ಬಂದ ಒಂದಿಬ್ಬರು ರೈತರು. ಪ್ರೆಸ್ಸಿಗೆ ಬಾಳೆ ಕಂಬ, ಚೆಂಡು ಹೂವಿನ ಮಾಲೆ. ಪೂಜೆಗೆಂದು ನಮ್ಮ ಹೊಸ ಪ್ಲೇಟನ್ನೂ ಬಿಚ್ಚಿಸಿದ್ದರು. ಬೆಡ್ ಪ್ಲೇಟು ಬರಿದಾಗಿ ಹೊಳೆಯುತ್ತಿತ್ತು, ನಡುವೆ ಹೊಸ ಕುಂಕುಮದ ಬೊಟ್ಟು. ಸಾವುಕಾರರು ಊದಿನಕಡ್ಡಿ ಬೆಳಗಿದರು. ಆಮೇಲೆ ಕೈ ಚಾಚಿ ದೊಡ್ಡ ಸುತ್ತಿಗೆ ತಗೊಂಡರು. ಕೂಗಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟು ಜನರನ್ನು ನೋಡಿ ಅಲ್ಲೇ ನಿಂತೆ.

"ಚಾಚಾ, ಹಿಡಿ," ಅಂದರು ಸಾವುಕಾರರು.

ಚಾಚಾ ಮುಂದೆ ಬಂದರು. ಎಂದಿನಂತೆ ಕಾಯಿಯನ್ನು ಪ್ಲೇಟಿನ ಮೇಲೆ ಇಟ್ಟು, ಎರಡೂ ಕಡೆ ಬೆರಳಿಟ್ಟು ಹಿಡಿದರು. ಸುತ್ತಿಗೆ ಮೇಲೆದ್ದಿತು. ಚಾಚಾ ಕಾಯಿಯ ಮೇಲಿನ ಕಣ್ಣು ತೆಗೆದು ಸಾವುಕಾರರ ಮುಖ ನೋಡಿದರು.

"ಸಾವ್ಕಾರ್ರ, ಇಲ್ಲಿ ಬ್ಯಾಡ್ರಿ. ಇಲ್ಲಿ ಹೊಡದ್ರ ನಾಳೆ ಬಿಲ್ಲಿ ಕೆಡ್ತಾವ್ರಿ."

ಸುತ್ತಿಗೆ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಚಾಚಾನ ಬೆರಳು ಕಾಯಿಯ ಪಕ್ಕದಲ್ಲೇ ಇದ್ದವು. ಸಾವುಕಾರರು ಪ್ಲೇಟನ್ನು ನೋಡಿದರು, ಆ ಗುಳಿಗಳನ್ನು ನೋಡಿದರು. ಕಪ್ಪಾದ ಕುಂಕುಮದ ಮರೆಯಿಲ್ಲದೆ ಅವು ಅವರಿಗೆ ಕಂಡದ್ದು ಅದೇ ಮೊದಲ ಸಲ ಇರಬೇಕು.

"ಮತ್ತ ಎಲ್ಲಿ ಒಡೀಲಿ?" ಅಂದರು. ಧ್ವನಿ ಸಣ್ಣಗಿತ್ತು.

ಚಾಚಾ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಾಗಿಲ ಕಲ್ಲಿನ ತನಕ ನಡೆದರು. ಜನ ದಾರಿ ಬಿಟ್ಟರು. ಸಾವುಕಾರರು ಸುತ್ತಿಗೆ ಹಿಡಿದು ಹಿಂದೆ ಹೋದರು. ಒಂದೇ ಪೆಟ್ಟಿಗೆ ಕಾಯಿ ಹೋಳಾಯಿತು. ಸಾವುಕಾರರ ಹೆಂಡತಿ ಕಾಯಿನೀರನ್ನು ಬಟ್ಟಲಲ್ಲಿ ಹಿಡಿದು ತಂದು ಪ್ರೆಸ್ಸಿಗೆ ಚಿಮುಕಿಸಿದರು. ಅಷ್ಟೇ ಆಯಿತು, ಯಾರಿಗೂ ಏನೂ ಆಗಲಿಲ್ಲ.

ಸೀಗಿ ಹುಣ್ಣಿಮೆ ಬಂತು, ಹೋಯಿತು. ಮರುದಿನ ಮುಂಜಾನೆ ರೋಣದ ಬಸ್ಸು ಬರುವ ತನಕ ನಾನು ರಸ್ತೆಗೇ ನಿಂತಿದ್ದೆ. ಚಾಚಾ ಇಳಿದರು, ಎಂದಿನಂತೆ ಬುತ್ತಿ ಚೀಲ ಕೈಯಲ್ಲಿ. ನನ್ನನ್ನು ನೋಡಿ, "ಯಾಕವ್ವಾ, ಇಲ್ಲಿ ನಿಂತಿ?" ಅಂದರು. "ಸುಮ್ನ" ಅಂದೆ. ಒಳಗೆ ಬಂದು ಅವರು ಮೊದಲು ಮಾಡಿದ ಕೆಲಸ ಆ ತಗಡಿನ ಡಬ್ಬಿಯನ್ನು ಸ್ಕ್ರ್ಯಾಪಿನ ರಾಶಿಗೆ ಸುರಿದದ್ದು. ಎಷ್ಟೋ ಅಮಾವಾಸ್ಯೆಗಳ ಚೂರುಗಳು ಝಲ್ಲೆಂದು ಬಿದ್ದವು.

ಅಬ್ಬಿಗೇರಿಯ ಆ ರೈತ ಅವತ್ತು ಮತ್ತೆ ಬಂದಿದ್ದ. ಹೊಸ ಬಿಲ್ಲೆಯ ಅಂಚಿಗೆ ಬೆರಳಾಡಿಸಿ, "ಈಗ ಹ್ಯಾಂಗ ಇಷ್ಟ ನುಣ್ಣಗ ಬರಾಕತ್ಯಾವ್ರಿ?" ಎಂದು ಸಾವುಕಾರರನ್ನು ಕೇಳಿದ. ನಾನು ಕಿವಿ ನಿಮಿರಿಸಿ ನಿಂತೆ. ಒಂದು ಮಾತು, ನಿಜವಾದ ಒಂದು ಮಾತು ಈಗಲಾದರೂ ಬರುತ್ತದೆ ಅಂದುಕೊಂಡೆ.

ಸಾವುಕಾರರು ಚಾಚಾನ ಹೆಗಲ ಮೇಲೆ ಕೈ ಹಾಕಿದರು. "ನಮ್ಮ ಚಾಚಾನ ಕಣ್ಣ ಈಗ ಚಲೋ ಆಗ್ಯಾವ," ಅಂದರು.

ನಾನು ಕೊಂಡಿಯಿಂದ ಪಾನಾ ಕಿತ್ತುಕೊಂಡೆ. ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಚಾಚಾ ಬಂದು ನನ್ನ ಮಣಿಕಟ್ಟು ಹಿಡಿದರು.

"ಬಿಡವ್ವಾ. ಕಡ್ಲಿ ಡೈ ಏರಿಸಬೇಕು, ನಿಂತಾರ ಜನ."

ಅವರ ಕೈ ಗಟ್ಟಿಯಾಗಿತ್ತು. ಅದೇ ಪಾನಾದಿಂದ ಬೋಲ್ಟು ಸಡಿಲಿಸಿದೆ, ಅವರು ಚೈನ್ ಎಳೆದರು.